ಉದ್ಯಮಬಾಗದ ಹುಡುಗನ ಬೈಕಿನ ಮೇಲೆ 46: ಒಬ್ಬ ರೇಸರ್ ತಯಾರಾಗಲು ಏನೇನು ಬೇಕು?

ನಮ್ಮ ಶೆಡ್ಡಿನ ಮುಂದೆ ದಿನಾ ಬೆಳಗ್ಗೆ ಎಂಟಕ್ಕೆ ಹತ್ತು ನಿಮಿಷ ಇರುವಾಗ ಒಂದು ನೀಲಿ ಆರ್15 ಬಂದು ನಿಲ್ಲುತ್ತದೆ. ಟ್ಯಾಂಕಿನ ಮೇಲೆ ಹಳದಿ ಬಣ್ಣದಲ್ಲಿ 46 ಅಂತ ದೊಡ್ಡ ಸ್ಟಿಕರ್. ಓಡಿಸುವವನು ನನ್ನ ಸಿಎನ್‌ಸಿ ಆಪರೇಟರ್. ಖಾನಾಪುರ ತಾಲೂಕಿನ ಇಟಗಿ ಕಡೆಯವನು, ಐಟಿಐ ಮುಗಿಸಿದ್ದಾನೆ, ವಯಸ್ಸು ಇಪ್ಪತ್ತೊಂದು. ಕಳೆದ ತಿಂಗಳು ಊಟದ ಹೊತ್ತಿನಲ್ಲಿ ನನ್ನ ಟೇಬಲ್ ಹತ್ತಿರ ಬಂದು ನಿಂತ.

“ಸಾಹೇಬ್ರ, ಮೂರು ತಿಂಗಳ ಪಗಾರ ಅಡ್ವಾನ್ಸ್ ಬೇಕಾಗಿತ್ರಿ.”

“ಯಾಕೋ ತಮ್ಮಾ, ಮನ್ಯಾಗ ಲಗ್ನ ಏನರ ಐತೇನು?”

ಲಗ್ನ ಅಲ್ಲ. ಕೊಯಮತ್ತೂರಿಗೆ ಹೋಗಿ ಬೈಕ್ ರೇಸಿಂಗ್ ಕಲಿಯಬೇಕಂತೆ. ಲೆದರ್ ಸೂಟು ಬೇಕು, ಬೂಟು ಬೇಕು, ಒಳ್ಳೆ ಹೆಲ್ಮೆಟ್ ಬೇಕು, ಟ್ರ್ಯಾಕಿನ ಫೀ ಕಟ್ಟಬೇಕು. ಎಲ್ಲಾ ಬರೆದಿಟ್ಟುಕೊಂಡೇ ಬಂದಿದ್ದ. ನಾನು ಸುಮ್ಮನೆ ನೋಡುತ್ತಾ ಕೂತಾಗ ಅವನೇ ಹೇಳಿದ, “ರೊಸ್ಸಿನೂ ಹಿಂಗ ಸುರು ಮಾಡಿದ್ನಲ್ರಿ.”

ಒಂದು ವಾರ ಟೈಮ್ ಕೊಡು ಅಂದೆ. ಅಡ್ವಾನ್ಸ್ ಕೊಡುವುದು ನನಗೆ ಹೊಸದಲ್ಲ. ಎರಡು ಸಿಎನ್‌ಸಿ, ಒಂದು ವಿಎಂಸಿ, ಹನ್ನೊಂದು ಮಂದಿ ಇರುವ ಶೆಡ್ಡಿನಲ್ಲಿ ಯಾರಿಗಾದರೂ ಏನಾದರೂ ಬೇಕೇ ಇರುತ್ತದೆ. ಆದರೆ ಈ ಹುಡುಗ ಕೇಳುತ್ತಿರುವುದು ಸಾಲವೋ, ಆಸ್ಪತ್ರೆ ಬಿಲ್ಲಿನ ಮುಂಗಡವೋ ಅನ್ನುವುದು ನನಗೆ ಗೊತ್ತಾಗಬೇಕಿತ್ತು. ಆ ವಾರವಿಡೀ ಓದಿದೆ, ಬಲ್ಲವರನ್ನು ಕೇಳಿದೆ, ಲೆಕ್ಕ ಹಾಕಿದೆ. ಇಲ್ಲಿ ಬರೆಯುತ್ತಿರುವುದು ಅದನ್ನೇ.

ಮೊದಲನೆಯದಾಗಿ, ರೊಸ್ಸಿ ಹಿಂಗ ಸುರು ಮಾಡಲಿಲ್ಲ.

ವ್ಯಾಲೆಂಟಿನೊ ರೊಸ್ಸಿ ಹುಟ್ಟಿದ್ದು 1979ರಲ್ಲಿ, ಇಟಲಿಯ ಉರ್ಬಿನೊದಲ್ಲಿ. ಬೆಳೆದದ್ದು ತವುಲ್ಲಿಯಾ ಎಂಬ ಸಣ್ಣ ಊರಿನಲ್ಲಿ. ಅಪ್ಪ ಗ್ರಾಜಿಯಾನೊ ರೊಸ್ಸಿ ಸ್ವತಃ ಗ್ರ್ಯಾಂಡ್‌ಪ್ರಿ ಗೆದ್ದ ರೇಸರ್. ಹುಡುಗ ಮೊದಲು ಹತ್ತಿದ್ದು ಬೈಕನ್ನಲ್ಲ, ಗೋ-ಕಾರ್ಟನ್ನು. ಕಾರ್ಟಿಂಗ್‌ನಲ್ಲಿ ಮುಂದಿನ ಹಂತಕ್ಕೆ ಹೋಗುವ ಖರ್ಚು ಮನೆಗೆ ಭಾರವಾಯಿತು, ಹಾಗಾಗಿ ಮಿನಿಮೋಟೊಗೆ ಬಂದ. ಮಿನಿಮೋಟೊ ಅಂದರೆ ಮೊಣಕಾಲೆತ್ತರದ ಪುಟಾಣಿ ಬೈಕು. ಆ ಭಾಗದ ಸಮುದ್ರತೀರದ ಊರುಗಳಲ್ಲಿ ಅದರ ಸಣ್ಣಸಣ್ಣ ಟ್ರ್ಯಾಕುಗಳಿದ್ದವು. ಮಿಸಾನೊದ ದೊಡ್ಡ ಸರ್ಕಿಟ್ ಅವನ ಮನೆಯಿಂದ ಪಕ್ಕದೂರಿನಷ್ಟು ದೂರ. 1996ರಲ್ಲಿ, ಹದಿನೇಳನೇ ವಯಸ್ಸಿಗೆ, 125 ಸಿಸಿ ವಿಶ್ವ ಚಾಂಪಿಯನ್‌ಷಿಪ್‌ಗೆ ಬಂದ. 1997ರಲ್ಲಿ ಚಾಂಪಿಯನ್ ಆದ. ಆಮೇಲೆ 250 ಸಿಸಿ, 500 ಸಿಸಿ, ಮೋಟೊಜಿಪಿ. ಒಟ್ಟು ಒಂಬತ್ತು ವಿಶ್ವ ಪಟ್ಟ. 2021ರ ಕೊನೆಗೆ ನಿವೃತ್ತನಾದಾಗ ವಯಸ್ಸು ನಲವತ್ತೆರಡು.

ನನ್ನ ಆಪರೇಟರ್‌ಗೆ ಈಗಲೇ ಇಪ್ಪತ್ತೊಂದು. ಟ್ರ್ಯಾಕ್ ಅನ್ನುವುದನ್ನು ಮೊಬೈಲಿನಲ್ಲಿ ಬಿಟ್ಟರೆ ಕಣ್ಣಿಂದ ನೋಡಿಲ್ಲ.

ಇಲ್ಲಿ ಪ್ರತಿಭೆಯ ಮಾತು ಆಮೇಲೆ ಬರುತ್ತದೆ. ಇಟಲಿಯ ಆ ಭಾಗದಲ್ಲಿ ರೇಸಿಂಗ್ ಒಂದು ಕಸುಬಿನ ಹಾಗೆ ಮನೆಮನೆಯಲ್ಲಿ ಇದೆ. ಬೊಲೋನ್ಯಾದಲ್ಲಿ ಡುಕಾಟಿ. ಸುತ್ತಮುತ್ತ ನಮ್ಮ ಶೆಡ್ಡುಗಳಂಥವೇ ಸಣ್ಣ ವರ್ಕ್‌ಶಾಪುಗಳು, ಎರಕ ಹೊಯ್ಯುವವರು, ಗಿಯರ್ ಕಡಿಯುವವರು, ಸೀಟು ಹೊಲಿಯುವವರು. ಮಗು ಬೀಳಲಿಕ್ಕೆ ಒಂದು ಜಾಗ ಇದೆ, ಬಿದ್ದ ಬೈಕನ್ನು ಸಂಜೆಯೊಳಗೆ ಸರಿಮಾಡುವ ಮಾವನೋ ಕಾಕಾನೋ ಪಕ್ಕದ ಓಣಿಯಲ್ಲೇ ಇದ್ದಾನೆ. ರೊಸ್ಸಿ ಒಬ್ಬನೇ ಅಲ್ಲ, ಅದೇ ನೆಲದಿಂದ ಮಾರ್ಕೊ ಸಿಮೊಂಚೆಲ್ಲಿ ಬಂದ. 2011ರಲ್ಲಿ ಮಲೇಷ್ಯಾದ ಸೆಪಾಂಗ್‌ನಲ್ಲಿ, ಇಪ್ಪತ್ನಾಲ್ಕನೇ ವಯಸ್ಸಿಗೆ, ರೇಸಿನಲ್ಲೇ ಸತ್ತ. ಮಿಸಾನೊ ಸರ್ಕಿಟ್‌ಗೆ ಈಗ ಅವನ ಹೆಸರಿದೆ.

ನಮಗೆ ಇದು ಪೂರಾ ಅಪರಿಚಿತ ಲೋಕ ಅಂತೇನೂ ಅನಿಸಬೇಕಿಲ್ಲ. ಬೆಳಗಾವಿ ಸೀಮೆಯಲ್ಲಿ ಕುಸ್ತಿ ಹೀಗೇ ಬೆಳೆದಿದೆ. ಊರಿಗೊಂದು ತಾಲೀಮು, ಅದರಲ್ಲಿ ಎಣ್ಣೆ ಮಜ್ಜಿಗೆ ಹಾಕಿ ಹದಮಾಡಿದ ಕೆಂಪು ಮಣ್ಣು. ಎಂಟು ವರ್ಷದ ಹುಡುಗ ಬಿದ್ದರೂ ಎಲುಬು ಮುರಿಯುವುದಿಲ್ಲ. ಹೇಳಿಕೊಡಲು ಉಸ್ತಾದರಿದ್ದಾರೆ. ಬದಾಮಿಗೆ, ಹಾಲಿಗೆ ಊರಿನ ಯಾರೋ ಒಬ್ಬ ಗೌಡರು ದುಡ್ಡು ಕೊಡುತ್ತಾರೆ. ಮೊದಲು ಪಕ್ಕದೂರಿನ ಜಾತ್ರೆ, ಆಮೇಲೆ ದೊಡ್ಡ ಜಾತ್ರೆ, ಆಮೇಲೆ ಮೈಸೂರು ದಸರಾ. ಎಲ್ಲೂ ಗೆಲ್ಲದಿದ್ದರೂ ಮಿಲಿಟರಿಗೋ ಪೊಲೀಸಿಗೋ ಸೇರಬಹುದು ಅನ್ನುವ ಭರವಸೆ ಇರುತ್ತದೆ. ತವುಲ್ಲಿಯಾದಲ್ಲಿ ಬೈಕಿಗೆ ಇರುವುದು ಇದೇ ವ್ಯವಸ್ಥೆ. ನಮ್ಮಲ್ಲಿ ಬೈಕಿಗೆ ಯಾವ ತಾಲೀಮೂ ಇಲ್ಲ. (ತೆರಬಂಡಿ ಸ್ಪರ್ಧೆಯಲ್ಲಿ ಗೆದ್ದ ಎತ್ತುಗಳ ಮಾಲೀಕನಿಗೆ ಬಹುಮಾನವಾಗಿ ಬೈಕು ಕೊಡುತ್ತೇವೆ, ಅಷ್ಟೇ ನಮಗೂ ಬೈಕಿಗೂ ಇರುವ ಕ್ರೀಡಾ ಸಂಬಂಧ.)

ಹಾಗಾದರೆ ಕರ್ನಾಟಕದಿಂದ ವೃತ್ತಿಪರ ಬೈಕ್ ರೇಸರ್‌ಗಳು ಬಂದೇ ಇಲ್ಲವೇ? ಬಂದಿದ್ದಾರೆ. ಈ ವಾರದ ಓದಿನಲ್ಲಿ ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಅವರು ಎಲ್ಲಿಗೆ ಹೋದರು ಅನ್ನುವುದು. ಬೆಂಗಳೂರಿನ ಸಿ.ಎಸ್. ಸಂತೋಷ್, ಉಡುಪಿಯ ಕೆ.ಪಿ. ಅರವಿಂದ್, ಬೆಂಗಳೂರಿನ ಐಶ್ವರ್ಯಾ ಪಿಸ್ಸೆ. ಮೂವರೂ ದೊಡ್ಡ ಹೆಸರು ಮಾಡಿದ್ದು ರೊಸ್ಸಿಯಂತೆ ಡಾಂಬರು ಸರ್ಕಿಟ್‌ನಲ್ಲಿ ಅಲ್ಲ, ಮರಳು ಮತ್ತು ಕಲ್ಲಿನ ಮೇಲೆ, ರ‍್ಯಾಲಿಯಲ್ಲಿ.

ಯಾಕೆ? ಎರಡು ಕಾರಣ ನನಗೆ ಕಾಣುತ್ತವೆ.

ಒಂದು, ಜಾಗ. ದೇಶದ ಸರ್ಕಿಟ್ ರೇಸಿಂಗ್ ಬಹಳ ವರ್ಷ ಮುಖ್ಯವಾಗಿ ಮೂರು ಕಡೆ ನಡೆದಿದೆ: ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ, ಕೊಯಮತ್ತೂರಿನ ಕರಿ ಸ್ಪೀಡ್‌ವೇ, ಮತ್ತು 2011ರಲ್ಲಿ ದೆಹಲಿ ಪಕ್ಕ ಶುರುವಾದ ಬುದ್ಧ್ ಸರ್ಕಿಟ್. ಮೂರೂ ಕರ್ನಾಟಕದಲ್ಲಿಲ್ಲ. 1961ರಿಂದ 1996ರವರೆಗೆ ಜಾವಾ, ಯೆಜ್ಡಿ ತಯಾರಿಸಿದ ಕಾರ್ಖಾನೆ ಮೈಸೂರಿನಲ್ಲಿತ್ತು; ಆ ಗಾಡಿಗಳನ್ನು ರೇಸಿಗಿಳಿಸುವವರು ಮದ್ರಾಸಿನ ಶೋಲಾವರಂನ ಹಳೆಯ ವಿಮಾನದ ರನ್‌ವೇಗೆ ಹೋಗಬೇಕಿತ್ತು. ರ‍್ಯಾಲಿಗೆ ಸರ್ಕಿಟ್ ಬೇಡ. ಕೆರೆಯಂಗಳ, ಕಾಡಿನ ದಾರಿ, ಹಿಮಾಲಯದ ಕಚ್ಚಾ ರಸ್ತೆ ಇದ್ದರೆ ಸಾಕು.

ಎರಡು, ವಯಸ್ಸು. ಸರ್ಕಿಟ್ ರೇಸಿಂಗ್ ಚಿಕ್ಕಂದಿನಲ್ಲೇ ಹಿಡಿಯಬೇಕಾದ ವಿದ್ಯೆ. ಅಲ್ಲಿ ಒಂದು ಸುತ್ತಿಗೆ ಸೆಕೆಂಡಿನ ಹತ್ತನೇ ಒಂದು ಭಾಗಕ್ಕೆ ಬಡಿದಾಟ, ಅದು ಮೈಯಲ್ಲಿ ಇಳಿಯಬೇಕಾದರೆ ಎಂಟು ಹತ್ತು ವರ್ಷದವನಿದ್ದಾಗಲೇ ಶುರುವಾಗಬೇಕು. ರ‍್ಯಾಲಿ ಬೇರೆ. ದಿನಕ್ಕೆ ನೂರಾರು ಕಿಲೋಮೀಟರ್, ಎರಡು ವಾರ. ದಾರಿ ಮೊದಲೇ ನೋಡಿರುವುದಿಲ್ಲ. ಹ್ಯಾಂಡಲ್ ಮೇಲೆ ಕಟ್ಟಿದ ರೋಡ್‌ಬುಕ್ ಎಂಬ ಸುರುಳಿ ಕಾಗದದಲ್ಲಿ ಇಷ್ಟು ಕಿಲೋಮೀಟರಿಗೆ ಎಡಕ್ಕೆ, ಇಷ್ಟಕ್ಕೆ ಹಳ್ಳ, ಇಷ್ಟಕ್ಕೆ ಅಪಾಯ ಅಂತ ಗುರುತುಗಳಿರುತ್ತವೆ. ನೂರರ ಮೇಲೆ ವೇಗದಲ್ಲಿ ಹೋಗುತ್ತಾ ಅದನ್ನು ಓದಬೇಕು, ನೀರು ಕುಡಿಯಬೇಕು, ಎಂಜಿನ್ ಸದ್ದು ಕೇಳಬೇಕು. ಇಲ್ಲಿ ಸಾವಧಾನಕ್ಕೆ, ತಾಳಿಕೆಗೆ, ಬೈಕಿನ ಹೊಟ್ಟೆಯೊಳಗೆ ಏನಾಗುತ್ತಿದೆ ಅನ್ನುವ ತಿಳಿವಳಿಕೆಗೆ ಬೆಲೆ ಇದೆ. ತಡವಾಗಿ ಶುರು ಮಾಡಿದವನಿಗೂ ಒಂದು ಬಾಗಿಲು ತೆರೆದಿರುತ್ತದೆ.

ಸಂತೋಷ್ ಆ ಬಾಗಿಲಿನಿಂದ ಹೋದವರು. 1983ರಲ್ಲಿ ಹುಟ್ಟಿದವರು. ದೇಶದೊಳಗೆ ಮೋಟೊಕ್ರಾಸ್, ಸೂಪರ್‌ಕ್ರಾಸ್ ಓಡಿಸಿ, ರೇಡ್ ಡಿ ಹಿಮಾಲಯ ಗೆದ್ದು, ಆಮೇಲೆ ಹೊರಗೆ ಕಾಲಿಟ್ಟರು. 2013ರ ಅಬುಧಾಬಿ ಡೆಸರ್ಟ್ ಚಾಲೆಂಜ್‌ನಲ್ಲಿ ಅವರ ಬೈಕಿಗೆ ಬೆಂಕಿ ಹತ್ತಿ ಸುಟ್ಟ ಗಾಯಗಳಾದವು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಸಾಕು ಅನ್ನುತ್ತಿದ್ದರೇನೋ. 2015ರ ಜನವರಿಯಲ್ಲಿ ಅವರು ದಕ್ಷಿಣ ಅಮೆರಿಕದಲ್ಲಿ ನಡೆದ ಡಾಕರ್ ರ‍್ಯಾಲಿಗೆ ಹೋದರು. ಹೊರಟ ಬೈಕುಗಳಲ್ಲಿ ಸುಮಾರು ಅರ್ಧ ಮಾತ್ರ ಕೊನೆ ಮುಟ್ಟಿದ ಆ ವರ್ಷ ಸಂತೋಷ್ ಮೂವತ್ತಾರನೆಯವರಾಗಿ ಮುಗಿಸಿದರು. ಡಾಕರ್ ಮುಗಿಸಿದ ಮೊದಲ ಭಾರತೀಯ. ಆಗ ಅವರಿಗೆ ಮೂವತ್ತೊಂದು ವರ್ಷ. ಆ ವಯಸ್ಸಿಗೆ ರೊಸ್ಸಿ ಒಂಬತ್ತೂ ಪಟ್ಟ ಗೆದ್ದು ಮುಗಿಸಿದ್ದ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಆ ಮೊದಲ ಡಾಕರ್‌ಗೆ ಸಂತೋಷ್ ಹೋದದ್ದು ಯಾವುದೇ ಭಾರತೀಯ ಬೈಕ್ ಕಂಪನಿಯ ತಂಡದ ಸವಾರನಾಗಿ ಅಲ್ಲ. ಬೈಕು ಕೆಟಿಎಂ, ದುಡ್ಡು ತಾವೇ ಓಡಾಡಿ ಹೊಂದಿಸಿಕೊಂಡದ್ದು. ಕಂಪನಿಗಳಿಗೂ ಈ ಆಟದಲ್ಲಿ ಜಾಹೀರಾತಿನ ಬೆಲೆ ಕಾಣತೊಡಗಿತು. 2015ರಲ್ಲಿ ಟಿವಿಎಸ್, ಫ್ರಾನ್ಸಿನ ಶೆರ್ಕೊ ಜತೆ ಕೈಜೋಡಿಸಿತು. 2016ರಲ್ಲಿ ಹೀರೊ ಜರ್ಮನಿಯ ಸ್ಪೀಡ್‌ಬ್ರೇನ್ ಜತೆ ಸೇರಿ ರ‍್ಯಾಲಿ ತಂಡ ಕಟ್ಟಿ ಸಂತೋಷ್ ಅವರನ್ನು ಕರೆದುಕೊಂಡಿತು. ಪಗಾರದ ರೇಸರ್ ಆದದ್ದು ಆಗ. 2017ರಲ್ಲಿ ನಲವತ್ತೇಳನೇ ಸ್ಥಾನ, 2018ರಲ್ಲಿ ಮೂವತ್ನಾಲ್ಕನೇ ಸ್ಥಾನ. 2016 ಮತ್ತು 2019ರಲ್ಲಿ ಮುಗಿಸಲಾಗಲಿಲ್ಲ.

2020ರಲ್ಲಿ ಡಾಕರ್ ಸೌದಿ ಅರೇಬಿಯಾಕ್ಕೆ ಬಂತು. ಜನವರಿ 12ರಂದು ಹೀರೊ ತಂಡದ ಪೋರ್ಚುಗೀಸ್ ಸವಾರ ಪೌಲೊ ಗೊನ್ಸಾಲ್ವಿಸ್ ಬಿದ್ದು ತೀರಿಕೊಂಡರು. ತಂಡ ಇಡೀ ಸ್ಪರ್ಧೆಯಿಂದ ಹಿಂದೆ ಸರಿಯಿತು. ಮುಂದಿನ ವರ್ಷ, 2021ರ ಜನವರಿ 6ರಂದು, ನಾಲ್ಕನೇ ಹಂತದಲ್ಲಿ ಸಂತೋಷ್ ಬಿದ್ದರು. ತಲೆಗೆ ಪೆಟ್ಟು. ಹಿಂದೆ ಬರುತ್ತಿದ್ದ ಸ್ಪರ್ಧಿಗಳು ತಮ್ಮ ರೇಸು ಬಿಟ್ಟು ನಿಂತು ನೆರವಾದರು. ಹೆಲಿಕಾಪ್ಟರಿನಲ್ಲಿ ರಿಯಾದ್‌ನ ಆಸ್ಪತ್ರೆಗೆ ಒಯ್ದು, ಔಷಧಿಯಿಂದ ಪ್ರಜ್ಞೆ ತಪ್ಪಿಸಿಟ್ಟು ಚಿಕಿತ್ಸೆ ಕೊಟ್ಟರು. ಕೆಲ ದಿನಗಳ ಮೇಲೆ ಬೆಂಗಳೂರಿಗೆ ಕರೆತಂದರು.

ಈ ಭಾಗವನ್ನು ನಾನು ಹುಡುಗನಿಗೆ ಓದಿ ಹೇಳಿದೆ. ಅವನು ಕೇಳಿದ್ದು ಒಂದೇ: “ಹೆಲಿಕಾಪ್ಟರ್ ಎಷ್ಟೊತ್ತಿಗೆ ಬಂತ್ರಿ?”

ಸರಿಯಾದ ಪ್ರಶ್ನೆ. ಡಾಕರ್‌ನಲ್ಲಿ ಪ್ರತಿ ಬೈಕು ಎಲ್ಲಿದೆ ಅಂತ ಉಪಗ್ರಹದಿಂದ ನೋಡುತ್ತಿರುತ್ತಾರೆ, ಡಾಕ್ಟರುಗಳು ಹೆಲಿಕಾಪ್ಟರಿನಲ್ಲೇ ಇರುತ್ತಾರೆ. ಹಾಗಿದ್ದೂ ಜನ ಸಾಯುತ್ತಾರೆ. ನಮ್ಮ ಖಾನಾಪುರ ರಸ್ತೆಯಲ್ಲಿ ಸಂಜೆ ಆರು ಗಂಟೆಗೆ ಶಿಫ್ಟ್ ಬಿಟ್ಟ ಮೇಲೆ ಪೀರನವಾಡಿ ಕಡೆ ಹುಡುಗರು ಓಡಿಸುವ ಪರಿ ನೋಡಿದರೆ ಅಲ್ಲಿ ಏನೇನಿಲ್ಲ ಅಂತ ಗೊತ್ತಾಗುತ್ತದೆ. ಮೂರನೇ ಗೇಟಿನ ಹತ್ತಿರ ಫ್ಲೆಕ್ಸ್ ಕಟ್ಟಿರುತ್ತಾರೆ, ‘ಭಾವಪೂರ್ಣ ಶ್ರದ್ಧಾಂಜಲಿ’, ಕೂಲಿಂಗ್ ಗ್ಲಾಸ್ ಹಾಕಿ ಬೈಕಿಗೆ ಒರಗಿ ನಿಂತ ಇಪ್ಪತ್ತರ ಹುಡುಗ. ನಾಲ್ಕು ದಿನಕ್ಕೆ ಅದರ ಮೇಲೆ ಬೇರೊಬ್ಬರ ಹುಟ್ಟುಹಬ್ಬದ ಫ್ಲೆಕ್ಸ್. ನನ್ನ ಮಾತೂ ಹೇಳಬೇಕು. ತೊಂಬತ್ತರ ದಶಕದಲ್ಲಿ ಅಪ್ಪನ ಯೆಜ್ಡಿ ತಗೊಂಡು ಗೆಳೆಯರ ಜತೆ ಪಂಥ ಕಟ್ಟಿ ಚೋರ್ಲಾ ಘಾಟಿನಲ್ಲಿ ಬಿದ್ದವನು ನಾನು. ಎಡ ಮೊಣಕಾಲಲ್ಲಿ ಇನ್ನೂ ಪ್ಲೇಟ್ ಇದೆ, ಮಳೆಗಾಲದಲ್ಲಿ ನೆನಪು ಮಾಡಿಕೊಡುತ್ತದೆ. ತಪ್ಪು ಪೂರಾ ನನ್ನದೇ. ಆದರೆ ಅವತ್ತು ಯಾರಾದರೂ ಒಂದು ಖಾಲಿ ಮೈದಾನ ತೋರಿಸಿ, ತಲೆಗೆ ಹೆಲ್ಮೆಟ್ ಹಾಕಿ, ಇಲ್ಲಿ ಎಷ್ಟಾದರೂ ಓಡಿಸು ಅಂದಿದ್ದರೆ ನಾನು ಘಾಟಿಗೆ ಹೋಗುತ್ತಿದ್ದೆನೇ?

ಉಳಿದಿಬ್ಬರ ಕತೆಯಲ್ಲೂ ಆಸ್ಪತ್ರೆ ಇದೆ. ಅರವಿಂದ್ ಟಿವಿಎಸ್ ಸವಾರ. 2017ರಲ್ಲಿ ಮೊದಲ ಡಾಕರ್, ಮುಗಿಸಲಾಗಲಿಲ್ಲ. 2018ರಲ್ಲೂ ಇಲ್ಲ. 2019ರಲ್ಲಿ ಮೂವತ್ತೇಳನೆಯವರಾಗಿ ಮುಗಿಸಿದರು. ಇಷ್ಟೆಲ್ಲಾ ಮಾಡಿದ ಅವರನ್ನು ಕನ್ನಡಿಗರು ಮನೆಮನೆಯಲ್ಲಿ ಗುರುತು ಹಿಡಿದದ್ದು 2021ರ ಬಿಗ್ ಬಾಸ್‌ನಿಂದ. ಎಂಟನೇ ಸೀಸನ್‌ನಲ್ಲಿ ರನ್ನರ್ ಅಪ್ ಆದರು. ನಮ್ಮ ಮನೆಯಲ್ಲಿ ಈಗಲೂ ಡಾಕರ್ ಅಂದರೆ ಯಾರಿಗೂ ಗೊತ್ತಿಲ್ಲ, “ಬಿಗ್ ಬಾಸ್ ಅರವಿಂದ್” ಅಂದರೆ ಎಲ್ಲರಿಗೂ ಗೊತ್ತು.

ಐಶ್ವರ್ಯಾ ಅವರದು ಇನ್ನೂ ಗಟ್ಟಿ ಕತೆ. ಹದಿನೆಂಟರ ಸುಮಾರಿಗೆ ಬೈಕ್ ಹತ್ತಿದವರು. 2017ರ ರೇಡ್ ಡಿ ಹಿಮಾಲಯದಲ್ಲಿ ಕಾಲರ್‌ಬೋನ್ ಮುರಿಯಿತು. 2018ರಲ್ಲಿ ಸ್ಪೇನ್‌ನ ಬಾಹಾ ಅರಾಗಾನ್‌ನಲ್ಲಿ ಬಿದ್ದು ಮೇದೋಜೀರಕ ಗ್ರಂಥಿಗೆ ಪೆಟ್ಟಾಯಿತು. 2019ರಲ್ಲಿ ಮತ್ತೆ ಹೋದರು. ದುಬೈನಲ್ಲಿ ಗೆದ್ದರು, ಪೋರ್ಚುಗಲ್‌ನಲ್ಲಿ ಮೂರನೆಯವರು, ಸ್ಪೇನ್‌ನಲ್ಲಿ ಐದನೆಯವರು, ಹಂಗೇರಿಯಲ್ಲಿ ನಾಲ್ಕನೆಯವರು. ಒಟ್ಟು 65 ಅಂಕ. ಎರಡನೆಯವರಾದ ಪೋರ್ಚುಗಲ್‌ನ ರೀಟಾ ವಿಯೆರಾಗೆ 61. ಎಫ್‌ಐಎಂ ಬಾಹಾ ವಿಶ್ವಕಪ್‌ನ ಮಹಿಳಾ ಪಟ್ಟ. ಮೋಟಾರ್ ಕ್ರೀಡೆಯಲ್ಲಿ ವಿಶ್ವ ಪಟ್ಟ ಗೆದ್ದ ಮೊದಲ ಭಾರತೀಯ ವ್ಯಕ್ತಿ ಒಬ್ಬ ಕನ್ನಡದ ಹುಡುಗಿ. ಇದು ನಮ್ಮ ಶಾಲೆಗಳ ಸಾಮಾನ್ಯ ಜ್ಞಾನದ ಪುಸ್ತಕಕ್ಕೆ ಬರಬೇಕಾದ ಸಂಗತಿ. ನಮ್ಮ ಶೆಡ್ಡಿನ ಹನ್ನೊಂದು ಮಂದಿಯಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ, 46 ಸ್ಟಿಕರ್ ಹಚ್ಚಿದವನಿಗೂ.

ಈಗ ದುಡ್ಡಿನ ಮಾತು. ನಾನು ಉದ್ಯಮಬಾಗದವನು, ಇಲ್ಲಿಗೆ ಬಾರದೆ ಬಿಡುವುದಿಲ್ಲ.

ಬೈಕ್ ರೇಸರ್‌ನ ವೃತ್ತಿಯಲ್ಲಿ ಪ್ರೇಕ್ಷಕ ಕೊಡುವ ಟಿಕೆಟ್ ದುಡ್ಡಿನ ಪಾಲು ಸವಾರನಿಗೆ ಬರುವುದು ಅತಿ ಕಡಿಮೆ. ಅವನಿಗೆ ಪಗಾರ ಕೊಡುವುದು ಬೈಕ್ ಕಂಪನಿ, ಅಥವಾ ಎಣ್ಣೆ, ಟೈರು, ಪಾನೀಯದ ಕಂಪನಿ. ಕೆಳಗಿನ ಹಂತದಲ್ಲಿ ಹೆಚ್ಚಿನವರು ತಾವೇ ಕೊಟ್ಟು ಓಡಿಸುತ್ತಾರೆ. ಬೈಕು, ಟೈರು, ಎಂಟ್ರಿ ಫೀ, ಪ್ರಯಾಣ, ಬಿದ್ದರೆ ರಿಪೇರಿ. ಭಾರತದಲ್ಲಿ ಸವಾರನಿಗೆ ಪಗಾರ ಕೊಡಬಲ್ಲ ಬಾಗಿಲುಗಳು ಕೆಲವೇ. ಹೊಸೂರಿನ ಟಿವಿಎಸ್ 1982ರಿಂದ ರೇಸಿಂಗ್ ತಂಡ ನಡೆಸುತ್ತಿದೆ, ನಮ್ಮ ರಾಜ್ಯದ ಸವಾರರಿಗೆ ಅದು ಹತ್ತಿರವಾದದ್ದು ಆಕಸ್ಮಿಕವಲ್ಲ. ಆದರೆ ಕಂಪನಿಗೆ ಬೇಕಾದದ್ದು ಗೆಲುವು. 2024ರ ಡಾಕರ್‌ನಲ್ಲಿ ಹೀರೊ ಬೈಕು ಎರಡನೇ ಸ್ಥಾನ ಪಡೆಯಿತು. ಓಡಿಸಿದವರು ಬೋಟ್ಸ್‌ವಾನಾದ ರಾಸ್ ಬ್ರಾಂಚ್. ತಂಡದಲ್ಲಿ ಆಗ ಭಾರತೀಯ ಸವಾರರೇ ಇರಲಿಲ್ಲ. ಅದೇ ವರ್ಷ ಟಿವಿಎಸ್ ಶೆರ್ಕೊ ತಂಡದ ಹರಿತ್ ನೋವಾ, ಕೇರಳದ ಶೊರನೂರಿನವರು, ಹನ್ನೊಂದನೆಯವರಾಗಿ ಮುಗಿಸಿ ರ‍್ಯಾಲಿ2 ವಿಭಾಗ ಗೆದ್ದರು. ಕಂಪನಿಯನ್ನು ನಾನು ತಪ್ಪು ಅನ್ನುವುದಿಲ್ಲ. ನನಗೆ ಬರುವ ಡ್ರಾಯಿಂಗ್‌ನಲ್ಲಿ ಹತ್ತು ಮೈಕ್ರಾನ್ ಅಂತ ಬರೆದಿದ್ದರೆ ನಾನೂ ಹತ್ತು ಮೈಕ್ರಾನ್ ಹಿಡಿಯಬಲ್ಲವನಿಗೇ ಮಷಿನ್ ಕೊಡುತ್ತೇನೆ, ನಮ್ಮೂರಿನವನಿಗೆ ಅಂತಲ್ಲ. ಆದರೆ ಹತ್ತು ಮೈಕ್ರಾನ್ ಹಿಡಿಯುವ ಹುಡುಗ ತಾನಾಗೇ ಹುಟ್ಟುವುದಿಲ್ಲ. ಐಟಿಐ ಇದೆ, ಅಪ್ರೆಂಟಿಸ್ ಇದೆ, ರಿಜೆಕ್ಷನ್ ಆದಾಗ ಬೈದು ಮತ್ತೆ ಕಲಿಸುವ ಫೋರ್‌ಮನ್ ಇದ್ದಾನೆ.

ಇನ್ನೊಂದು ಲೆಕ್ಕ. ನನ್ನ ಹುಡುಗನಿಗೆ ಮಷಿನ್ ಮುಂದೆ ಬೆರಳಿಗೆ ಪೆಟ್ಟಾದರೆ ಇಎಸ್‌ಐ ಇದೆ. ಟ್ರ್ಯಾಕಿನ ಮೇಲೆ ಬಿದ್ದರೆ? ಅವನು ವರ್ಷಕ್ಕೊಮ್ಮೆ ಕಟ್ಟುವ ಅಪಘಾತ ವಿಮೆಯ ಪಾಲಿಸಿ ತರಿಸಿ, ಸಣ್ಣ ಅಕ್ಷರದಲ್ಲಿದ್ದದ್ದನ್ನು ಕನ್ನಡಕ ಹಾಕಿಕೊಂಡು ಓದಿದೆ. ರೇಸಿಂಗ್‌ನಲ್ಲಿ ಆದ ಗಾಯಕ್ಕೆ ಅದು ಅನ್ವಯಿಸುವುದಿಲ್ಲ. ಇಂಥ ಪಾಲಿಸಿಗಳಲ್ಲಿ ಇದು ಸಾಮಾನ್ಯ ಷರತ್ತು. ಇಟಗಿಯಲ್ಲಿ ಅವನ ಅಪ್ಪನಿಗೆ ಎರಡೆಕರೆ ಹೊಲ, ತಂಗಿ ಪಿಯುಸಿ. ಬಿದ್ದರೆ ಮಾರುವುದು ಹೊಲವನ್ನು. ರೊಸ್ಸಿ ಬಿದ್ದಾಗ ಅವನ ಅಪ್ಪ ಹೊಲ ಮಾರಬೇಕಾಗಿರಲಿಲ್ಲ. ರೇಸಿಂಗ್ ಧೈರ್ಯದ ಆಟ ಅಂತ ಜನ ಅನ್ನುತ್ತಾರೆ. ಧೈರ್ಯ ನಮ್ಮ ಹುಡುಗರಲ್ಲಿ ಬೇಕಾದಷ್ಟಿದೆ. ಬಿದ್ದಾಗ ಬಿಲ್ಲು ಯಾರ ಹೆಸರಿಗೆ ಬರುತ್ತದೆ ಅನ್ನುವುದರಲ್ಲಿ ಇಟಗಿಗೂ ತವುಲ್ಲಿಯಾಕ್ಕೂ ವ್ಯತ್ಯಾಸ.

ಆದರೂ ನಾನು ಅವನಿಗೆ ಸೀದಾ ಬೇಡ ಅನ್ನಲಾರದೆ ಹೋದದ್ದು ಒಂದು ಅಲ್ಯುಮಿನಿಯಂ ತುಂಡಿನಿಂದ.

ಬೆಳಗಾವಿ ಬಲ್ಲದವರಿಗೆ ಹೇಳಬೇಕು: ಮೂರನೇ ರೈಲ್ವೆ ಗೇಟು ದಾಟಿ ಖಾನಾಪುರ ರಸ್ತೆಯ ಎರಡೂ ಬದಿ ಹಬ್ಬಿದ ಕೈಗಾರಿಕಾ ಪ್ರದೇಶವೇ ಉದ್ಯಮಬಾಗ. ಫೌಂಡ್ರಿಗಳು, ಮಷಿನ್ ಶಾಪುಗಳು, ಪ್ಯಾಟರ್ನ್ ಮಾಡುವವರು, ಹೀಟ್ ಟ್ರೀಟ್‌ಮೆಂಟ್‌ನವರು. ಪಂಪಿನ ಹೌಸಿಂಗ್, ವಾಲ್ವ್ ಬಾಡಿ, ಕ್ರ್ಯಾಂಕ್‌ಶಾಫ್ಟ್, ಹೈಡ್ರಾಲಿಕ್ ಸಾಮಾನು. ಕನ್ನಡ, ಮರಾಠಿ, ಹಿಂದಿ ಕಲಸಿದ ಒಂದು ಭಾಷೆ. ರಸ್ತೆಯಲ್ಲಿ ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಒಂದು ಕಡೆ, ಕಪ್ಪು ಮರಳು ಮೆತ್ತಿದ ಮೋಲ್ಡರ್‌ಗಳು ಇನ್ನೊಂದು ಕಡೆ. ಇಲ್ಲಿ ಎಲ್ಲಾ ಪೀಸಿನ ಲೆಕ್ಕ. ಸಾವಿರ ಪೀಸು, ಪೀಸಿಗೆ ಇಷ್ಟು, ದುಡ್ಡು ಮೂರು ತಿಂಗಳಿಗೆ. ರೇಸಿಂಗ್‌ನ ಲೆಕ್ಕವೇ ಬೇರೆ: ಒಂದೇ ಪೀಸು, ಇವತ್ತು ರಾತ್ರಿಯೊಳಗೆ, ನಾಳೆ ಅದನ್ನೇ ಅರ್ಧ ಮಿಲಿಮೀಟರ್ ಬದಲಿಸಿ ಮತ್ತೊಂದು. ಇಟಲಿಯ ಸಣ್ಣ ಶೆಡ್ಡುಗಳು ಕಲಿತದ್ದು ಈ ಎರಡನೆಯದನ್ನು.

ಹುಡುಗ ರಾತ್ರಿ ಶಿಫ್ಟಿನಲ್ಲಿ ಆ ಎರಡನೆಯದನ್ನು ಮಾಡಿದ್ದ, ನನಗೆ ಹೇಳದೆ. ಉಳಿದ ಅಲ್ಯುಮಿನಿಯಂ ತುಂಡಿನಲ್ಲಿ ತನ್ನ ಬೈಕಿಗೆ ರಿಯರ್‌ಸೆಟ್ ಕಡಿದಿದ್ದ. ಸವಾರ ಮುಂದಕ್ಕೆ ಬಾಗಿ ಕೂರಲು ಅನುಕೂಲವಾಗುವಂತೆ ಪಾದ ಇಡುವ ಕಡ್ಡಿಯನ್ನು ಹಿಂದಕ್ಕೂ ಮೇಲಕ್ಕೂ ಒಯ್ಯುವ ಬ್ರ್ಯಾಕೆಟ್ ಅದು. ಮೂರು ತೂತು, ಮೂರು ಬೇರೆಬೇರೆ ಎತ್ತರಕ್ಕೆ. ಅಂಚುಗಳನ್ನು ಕೈಯಿಂದ ಉಜ್ಜಿ ನುಣುಪು ಮಾಡಿದ್ದ. ಅಳೆದು ನೋಡಿದೆ. ಎರಡೂ ಬದಿಯವು ಒಂದಕ್ಕೊಂದು ಕೂದಲೆಳೆ ಹೆಚ್ಚುಕಮ್ಮಿ ಇರಲಿಲ್ಲ. ಬಯ್ಯಬೇಕು ಅಂತ ಕರೆಸಿದವನು ಡ್ರಾಯಿಂಗ್ ಎಲ್ಲಿ ಅಂತ ಕೇಳಿದೆ. “ಡ್ರಾಯಿಂಗ್ ಇಲ್ರಿ, ಕುಂತು ನೋಡಿ ಮಾಡೀನಿ.”

ರ‍್ಯಾಲಿಯಲ್ಲಿ ಬೈಕಿನ ಹೊಟ್ಟೆ ಬಲ್ಲವನಿಗೆ ಬೆಲೆ ಇದೆ ಅಂದೆನಲ್ಲ, ಆ ಮಾತು ನನಗೆ ಆಗ ಮತ್ತೆ ನೆನಪಾಯಿತು.

ರೊಸ್ಸಿ ತಾನು ಗಳಿಸಿದ ದುಡ್ಡಿನಲ್ಲಿ ತವುಲ್ಲಿಯಾದ ಹತ್ತಿರ ಒಂದು ಮಣ್ಣಿನ ಟ್ರ್ಯಾಕ್ ಮಾಡಿದ. ರಾಂಚ್ ಅಂತಾರೆ ಅದಕ್ಕೆ. 2014ರಲ್ಲಿ ಅಕಾಡೆಮಿ ಶುರುವಾಯಿತು. ಅಲ್ಲಿ ಕಲಿತ ಫ್ರಾಂಚೆಸ್ಕೊ ಬನ್ಯಾಯಾ 2022, 2023ರಲ್ಲಿ ಮೋಟೊಜಿಪಿ ವಿಶ್ವ ಚಾಂಪಿಯನ್. 1972ರಲ್ಲಿ ಅಗೊಸ್ಟಿನಿ ಎಂವಿ ಅಗಸ್ಟಾದಲ್ಲಿ ಗೆದ್ದ ಮೇಲೆ ಇಟಲಿಯವನು ಇಟಲಿಯ ಬೈಕಿನಲ್ಲೇ ಆ ಪಟ್ಟ ಗೆದ್ದದ್ದು ಐವತ್ತು ವರ್ಷಕ್ಕೆ. 2023ರ ಸೆಪ್ಟೆಂಬರಿನಲ್ಲಿ ಬುದ್ಧ್ ಸರ್ಕಿಟ್‌ನಲ್ಲಿ ಭಾರತದ ಮೊದಲ ಮೋಟೊಜಿಪಿ ನಡೆದಾಗ ಗೆದ್ದ ಮಾರ್ಕೊ ಬೆಜ್ಜೆಕ್ಕಿಯೂ ಅದೇ ಅಕಾಡೆಮಿಯವನು. ನಾವು ಟಿಕೆಟ್ ತಗೊಂಡು ಹೋಗಿ ಚಪ್ಪಾಳೆ ತಟ್ಟಿ ಬಂದೆವು.

ಇದು ನನ್ನ ಹುಡುಗನಿಗೆ ಗೊತ್ತಿತ್ತು. ಗೊತ್ತಿಲ್ಲದ್ದು ಇನ್ನೊಂದಿದೆ. ಸಂತೋಷ್ ಕೂಡ ಅದನ್ನೇ ಮಾಡಿದ್ದಾರೆ. ಕೋಲಾರದ ಕಡೆ ಬಿಗ್‌ರಾಕ್ ಎಂಬ ಮಣ್ಣಿನ ಬೈಕ್ ಪಾರ್ಕ್ ಕಟ್ಟಿ, ಕಚ್ಚಾ ನೆಲದಲ್ಲಿ ಓಡಿಸುವುದನ್ನು ಕಲಿಸುವ ವ್ಯವಸ್ಥೆ ಮಾಡಿದರು. ಸರ್ಕಾರ ಕೊಟ್ಟ ಸ್ಟೇಡಿಯಂ ಅಲ್ಲ, ಕಂಪನಿಯ ಟೆಸ್ಟ್ ಟ್ರ್ಯಾಕ್ ಅಲ್ಲ. ಒಬ್ಬ ಸವಾರ ತನಗೆ ಚಿಕ್ಕಂದಿನಲ್ಲಿ ಸಿಗದೆ ಹೋದ ಜಾಗವನ್ನು ತಾನೇ ಮಾಡಿದ್ದು. ಅಪಘಾತದ ವರದಿಗೆ ನಮ್ಮ ಟಿವಿಗಳು ಕೊಟ್ಟ ಸಮಯದ ನೂರರಲ್ಲಿ ಒಂದು ಭಾಗ ಇದಕ್ಕೆ ಕೊಟ್ಟಿದ್ದರೆ ನನ್ನ ಹುಡುಗ ಕೊಯಮತ್ತೂರಿನ ಲೆಕ್ಕ ಬರೆದುಕೊಂಡು ಬರುತ್ತಿರಲಿಲ್ಲ.

ವಾರ ಮುಗಿದ ಮೇಲೆ ಅವನನ್ನು ಕರೆದು ನನ್ನ ತೀರ್ಪು ಹೇಳಿದೆ. ಮೂರು ತಿಂಗಳದ್ದಲ್ಲ, ಒಂದು ತಿಂಗಳ ಅಡ್ವಾನ್ಸ್. ಕೊಯಮತ್ತೂರಿಗಲ್ಲ, ಕೋಲಾರಕ್ಕೆ. ಡಾಂಬರಿನ ಮೇಲೆ ಇಪ್ಪತ್ತೊಂದಕ್ಕೆ ಶುರುಮಾಡಿ ಇಟಲಿಯ ಹದಿನೇಳರ ಹುಡುಗರನ್ನು ಹಿಡಿಯುವುದು ಆಗದ ಮಾತು. ಮಣ್ಣಿನ ಮೇಲೆ ಹತ್ತು ವರ್ಷ ಇದೆ ನಿನಗೆ. ರೇಸಿಂಗ್ ಮಾತು ಆಮೇಲೆ, ಮೊದಲು ಬೀಳುವುದನ್ನು ಕಲಿತು ಬಾ. ಸೂಟಿಗಿಂತ ಮೊದಲು ಹೆಲ್ಮೆಟ್, ನೆಕ್ ಬ್ರೇಸ್, ಮೊಣಕಾಲಿನ ಗಾರ್ಡ್. ಪೀರನವಾಡಿ ರಸ್ತೆಯಲ್ಲಿ ಒಂದು ಸಲ ವೀಲಿ ಮಾಡಿದ್ದು ನನ್ನ ಕಿವಿಗೆ ಬಿದ್ದರೂ ಅಡ್ವಾನ್ಸ್ ವಾಪಸ್.

ಮುಖ ಸಣ್ಣ ಮಾಡಿಕೊಂಡ. ಮೊಣಕಾಲು ಡಾಂಬರಿಗೆ ತಾಗುವ ಫೋಟೊ ಸಿಗುವುದಿಲ್ಲವಲ್ಲ ಅಂತ ಇರಬೇಕು. ಆದರೂ ಹೋದ. ನಾಲ್ಕು ದಿನ ರಜೆ ಹಾಕಿ, ರಾತ್ರಿ ಬಸ್ಸು ಹಿಡಿದು.

ಮುಂದಿನ ಸೋಮವಾರ ಎಂಟಕ್ಕೆ ಹತ್ತು ನಿಮಿಷ ಇರುವಾಗ ಆರ್15 ಬಂದು ನಿಂತಿತು. ಇಳಿಯುವಾಗ ಸ್ವಲ್ಪ ಕುಂಟುತ್ತಿದ್ದ. ಏನಾಯಿತೋ ಅಂದೆ. “ಹದಿನಾಲ್ಕು ಸಲ ಬಿದ್ದೇನ್ರಿ” ಅಂದ, ಪ್ರೈಜ್ ಬಂದವರ ಹಾಗೆ. ಊಟದ ಹೊತ್ತಿಗೆ ಮತ್ತೆ ನನ್ನ ಟೇಬಲ್ ಹತ್ತಿರ ಬಂದ. ಈ ಸಲ ಹಾಳೆಯಲ್ಲಿ ಲೆಕ್ಕ ಇರಲಿಲ್ಲ, ಪೆನ್ಸಿಲಿನಲ್ಲಿ ಬರೆದ ನಕ್ಷೆ ಇತ್ತು. ಮಣ್ಣಿನ ದಿಬ್ಬ, ಇಳಿಜಾರು, ಎಂಟರ ಆಕಾರದ ತಿರುವು, ಪ್ರತಿಯೊಂದಕ್ಕೂ ಮೀಟರಿನಲ್ಲಿ ಅಳತೆ.

“ಸಾಹೇಬ್ರ, ಮಚ್ಛೆದಾಗ ನಿಮ್ಮ ಪ್ಲಾಟ್ ಖಾಲಿನ ಐತೆಲ್ರಿ?”

ಐದು ವರ್ಷದಿಂದ ಖಾಲಿ ಇದೆ. ಎರಡನೇ ಶೆಡ್ ಹಾಕಬೇಕು ಅಂತ ತಗೊಂಡದ್ದು, ಆರ್ಡರ್ ಇಲ್ಲದೆ ಹಾಗೇ ಬಿಟ್ಟಿದ್ದೇನೆ, ಕಾಂಗ್ರೆಸ್ ಕಸ ಎದೆ ಮಟ್ಟ ಬೆಳೆದಿದೆ. ನಕ್ಷೆಯನ್ನು ತಿರುಗಿಸಿ ನೋಡಿದೆ. ಒಂದು ತಿರುವಿನ ತ್ರಿಜ್ಯ ತಪ್ಪಿತ್ತು, ಕಾಂಪೌಂಡಿಗೆ ತೀರಾ ಹತ್ತಿರ ಬರುತ್ತಿತ್ತು, ತಿದ್ದಿದೆ. ವಕೀಲರನ್ನೊಂದು ಮಾತು ಕೇಳಬೇಕು, ಬಿದ್ದವರ ಜವಾಬ್ದಾರಿ ಯಾರದು ಅಂತ. ಅವನಿಗೆ ಮಾತ್ರ, ಜೆಸಿಬಿ ತಾಸಿಗೆ ಎಷ್ಟು ತಗೋತಾರೆ ಕೇಳಿಕೊಂಡು ಬಾ ಅಂತ ಹೇಳಿ ಕಳಿಸಿದೆ.